ಷಡ್ಡಕನ ಸೈಟಿನ ಗೃಹಪ್ರವೇಶ

ನನ್ನ ಷಡ್ಡಕ ಜಾಹೀರಾತಿಗೆಂದು ಜೀವಮಾನದಲ್ಲಿ ಒಂದು ಬಿಡಿಗಾಸು ಬಿಚ್ಚಿದವನಲ್ಲ. ಆದರೂ ಚಂದಾಪುರದಿಂದ ಸಿಂಗಸಂದ್ರದವರೆಗೆ, ಹೊಸೂರು ರಸ್ತೆಯ ಎರಡೂ ಬದಿಯಲ್ಲಿ, ಅವನನ್ನು ಅರಿಯದ ಬೀದಿನಾಯಿಯೂ ಇಲ್ಲ! ಇದನ್ನು ನಾನು ಹೊಗಳಿಕೆಯಾಗಿ ಹೇಳುತ್ತಿಲ್ಲ. ಪತ್ರಿಕೆಯವನಾಗಿ ದಾಖಲಿಸುತ್ತಿದ್ದೇನೆ, ಅಷ್ಟೆ. ಅವನ ಹೆಸರನ್ನು ಮಾತ್ರ ಬರೆಯುವುದಿಲ್ಲ. ಬರೆದರೆ ಅದೂ ಒಂದು ಪುಕ್ಕಟೆ ಜಾಹೀರಾತಾಗುತ್ತದೆ. ಅವನಿಗೆ ಬೇಕಾಗಿರುವುದೂ ಅದೇ.

ಷಡ್ಡಕ ಅಂದರೆ ಗೊತ್ತಲ್ಲ, ಹೆಂಡತಿಯ ತಂಗಿಯ ಗಂಡ. ಲೋಕದ ಉಳಿದ ಸಂಬಂಧಗಳು ಪ್ರೀತಿಗೋ ಜಗಳಕ್ಕೋ ಹುಟ್ಟಿಕೊಂಡವು. ಇದೊಂದು ಮಾತ್ರ ಹೋಲಿಕೆಗೆಂದೇ ಹುಟ್ಟಿದ್ದು. ಮಾವನ ಮನೆಯ ತಕ್ಕಡಿಯ ಒಂದು ತಟ್ಟೆಯಲ್ಲಿ ನೀವು, ಇನ್ನೊಂದರಲ್ಲಿ ಅವನು. ಕೆಲವು ವರ್ಷ ಆ ತಕ್ಕಡಿಯಲ್ಲಿ ನಾನೊಬ್ಬನೇ ಕುಳಿತಿದ್ದೆ. ಎದುರು ತಟ್ಟೆ ಖಾಲಿಯಿದ್ದುದರಿಂದ ನನ್ನ ತೂಕವೂ ಚೆನ್ನಾಗಿಯೇ ಇತ್ತು. "ನಮ್ಮ ದೊಡ್ಡಳಿಯ ಪೇಪರ್‌ನಲ್ಲಿದಾರೆ" ಎಂದು ಅತ್ತೆ ಹಾಲಿನವನಿಂದ ಹಿಡಿದು ಪುರೋಹಿತರವರೆಗೆ ಎಲ್ಲರಿಗೂ ಹೇಳುತ್ತಿದ್ದರು. ಪೇಪರ್‌ನಲ್ಲಿ ನಾನು ಮಾಡುವ ಕೆಲಸ ಇತರರು ಬರೆದದ್ದನ್ನು ತಿದ್ದುವುದು, ನನ್ನ ಹೆಸರು ಅದರಲ್ಲಿ ಎಲ್ಲಿಯೂ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ನಾನೂ ತಿಳಿಸಲು ಹೋಗಿರಲಿಲ್ಲ. ಅಷ್ಟರಲ್ಲಿ ನಾದಿನಿಯ ಮದುವೆಯಾಯಿತು.

ಇವನು ಆಗ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯಲ್ಲಿದ್ದ. ಸಂಜೆ ಹೊತ್ತು ಬೇಕರಿಯ ಮಹಡಿಯಲ್ಲಿದ್ದ ಕಂಪ್ಯೂಟರ್ ಕ್ಲಾಸಿಗೆ ಹೋಗಿ ವೆಬ್‌ಸೈಟ್ ಮಾಡುವುದನ್ನು ಕಲಿತ. ಇಂಟರ್‌ನೆಟ್ ಇನ್ನೂ ಎಲ್ಲರ ಜೇಬಿಗೆ ಇಳಿಯದ ಕಾಲ ಅದು. ಒಂದು ದಿನ ಇದ್ದಕ್ಕಿದ್ದಂತೆ ಕೆಲಸ ಬಿಟ್ಟು, ಚಂದಾಪುರದ ಬಾಡಿಗೆ ಮನೆಯ ಊಟದ ಮೇಜಿನ ಮೇಲೆ ಒಂದು ಹಳೆಯ ಕಂಪ್ಯೂಟರ್ ಇಟ್ಟುಕೊಂಡು, ಸ್ವಂತ ವ್ಯಾಪಾರ ಶುರುವಾಯಿತೆಂದು ಘೋಷಿಸಿದ. ಹೆಂಡತಿ ನರ್ಸರಿ ಶಾಲೆಯಲ್ಲಿ ಟೀಚರ್. ಮನೆ ನಡೆಯುತ್ತಿದ್ದುದು ಅವಳಿಂದ.

ಇರುವ ಕೆಲಸ ಬಿಟ್ಟು ಬಂದವನಿಗೆ ನಾಲ್ಕು ಮಂದಿ ಬುದ್ಧಿ ಹೇಳಬೇಕಲ್ಲವೇ? ಅತ್ತೆ ಅವನಿಗೆ ಚಕ್ಕುಲಿ ಮಾಡಿಕೊಟ್ಟರು! "ಪಾಪ, ಸ್ವಂತ ಕಾಲ ಮೇಲೆ ನಿಂತ್ಕೋತೀನಿ ಅಂತಾನೆ" ಎಂದು ಮರುಗಿದರು. ನಾನು ಇಷ್ಟು ವರ್ಷ ಯಾರ ಕಾಲ ಮೇಲೆ ನಿಂತಿದ್ದೆನೋ!

ಮಾವನೊಬ್ಬರೇ ಗಟ್ಟಿ ಮನುಷ್ಯ. ಫೋರ್‌ಮನ್ ಆಗಿ ನಿವೃತ್ತರಾದವರು. ಯಂತ್ರ ಓಡಿದರೆ ಓಡಿತು, ಇಲ್ಲವಾದರೆ ಇಲ್ಲ ಎನ್ನುವ ಪೈಕಿ. ಒಂದು ಭಾನುವಾರ ಎಲ್ಲರೆದುರು ಹೇಳಿದರು: "ನೋಡಿ, ದೀಪಾವಳಿವರ್ಗೂ ಕಾಯ್ತೀನಿ. ಅಷ್ಟರೊಳಗೆ ನಾಲ್ಕು ಜನ ಒಪ್ಪೋ ಅಂಥ ಒಬ್ಬ ಗಿರಾಕಿ ಸಿಗ್ಬೇಕು. ಸಿಗ್ಲಿಲ್ವಾ, ಪೀಣ್ಯದಲ್ಲಿ ನಮ್ಮ ಸ್ನೇಹಿತರ ವರ್ಕ್‌ಶಾಪಿದೆ. ಸೂಪರ್‌ವೈಸರ್ ಕೆಲಸಕ್ಕೆ ಸುಮ್ನೆ ಹೋಗಿ ಸೇರ್ಕೊಳಿ."

ಚಂದಾಪುರ ಬೆಂಗಳೂರಿನ ಈ ತುದಿ, ಪೀಣ್ಯ ಆ ತುದಿ. ಅಲ್ಲಿ ಸೇರಿದರೆ ಮನೆಯನ್ನೂ ಅಲ್ಲೇ ಮಾಡಬೇಕು. ನಾದಿನಿ ಶಾಲೆ ಬಿಡಬೇಕು. ಊಟದ ಮೇಜು ಮತ್ತೆ ಊಟದ ಮೇಜಾಗಬೇಕು. ಅವಳ ಮುಖ ಬಾಡಿತು. ನನಗೆ ಮಾತ್ರ ಪೀಣ್ಯದ ಮೇಲೆ ಅಂದೇ ಒಂದು ಬಗೆಯ ಅಭಿಮಾನ ಹುಟ್ಟಿತು. ಒಳ್ಳೆಯ ಊರು. ಕೈಗಾರಿಕೆ ಇದೆ, ಶಿಸ್ತು ಇದೆ. ಎಲ್ಲಕ್ಕಿಂತ ಹೆಚ್ಚಾಗಿ, ದೂರ ಇದೆ.

ಗಿರಾಕಿ ಹುಡುಕಲು ಷಡ್ಡಕ ಹೂಡಿದ ಬಂಡವಾಳವೆಂದರೆ ಹೆಂಡತಿಯ ಶಾಲೆಯಿಂದ ಬಂದ ಒಂದು ಒಡಕು ಕಪ್ಪು ಹಲಗೆ ಮತ್ತು ಸೀಮೆಸುಣ್ಣದ ಚೂರು. 'ನಿಮ್ಮದೇ ಹೆಸರಿನಲ್ಲಿ ವೆಬ್‌ಸೈಟ್, ಅತಿ ಕಡಿಮೆ ದರದಲ್ಲಿ' ಎಂದು ಬರೆದು ಗೇಟಿಗೆ ನೇತುಹಾಕಿದ. ಒಬ್ಬರೂ ತಿರುಗಿ ನೋಡಲಿಲ್ಲ. ಒಂದು ರಾತ್ರಿ ಮಳೆ ಬಂದು 'ವೆಬ್' ಅಳಿಸಿಹೋಯಿತು. 'ನಿಮ್ಮದೇ ಹೆಸರಿನಲ್ಲಿ ಸೈಟ್, ಅತಿ ಕಡಿಮೆ ದರದಲ್ಲಿ' ಎಂದು ಉಳಿಯಿತು. ಬೆಂಗಳೂರಿನ ಸುತ್ತಮುತ್ತ ಈ ಮಾತಿಗೆ ಎಂಥ ಶಕ್ತಿಯಿದೆ ಎಂದು ನಾನು ಹೇಳಬೇಕೆ? ಬೆಳಗಾಗುವಷ್ಟರಲ್ಲಿ ಗೇಟಿನ ಮುಂದೆ ಜನ ನಿಂತಿದ್ದರು!

ಅವರಲ್ಲಿ ಒಬ್ಬರು ಅಲ್ಲಿಯ ಮೂಲ ನಿವಾಸಿ ಗೌಡರು. ಹೊಲವಿದ್ದ ಜಾಗದಲ್ಲಿ ಈಗ ಅವರದೊಂದು ಛತ್ರವಿದೆ, ಸಾಲು ಬಾಡಿಗೆ ಮನೆಗಳಿವೆ. ಭಾನುವಾರವಾದ್ದರಿಂದ ನಾನೂ ಅಲ್ಲಿದ್ದೆ. ಆದ ಮಾತುಕತೆಯನ್ನು ಕೇಳಿದಂತೆಯೇ ಕೊಡುತ್ತೇನೆ.

"ಯಾರಪ್ಪಾ ಸೈಟ್ ಕೊಡೋರು?"

"ನಾನೇ ಗೌಡ್ರೇ. ಬನ್ನಿ, ಕೂತ್ಕೊಳಿ."

"ಅಳತೆ ಎಂಗೆ? ತರ್ಟಿ ಫಾರ್ಟೀನಾ?"

"ಇದಕ್ಕೆ ಅಳತೆ ಅಂತಿಲ್ಲ ಗೌಡ್ರೇ. ಎಷ್ಟು ಬೇಕೋ ಅಷ್ಟು ದೊಡ್ಡದು ಮಾಡ್ಕೋಬೋದು."

ಗೌಡರ ಕಣ್ಣು ಕಿರಿದಾಯಿತು. "ಅಂಗಂದ್ರೆ ಕೆರೆ ಒತ್ತುವರೀನಾ?"

"ಅಯ್ಯೋ, ಇಲ್ಲ! ಇದು ಕಂಪ್ಯೂಟರ್ ಒಳಗಿರೋ ಸೈಟು."

"ಓಗ್ಲಿ, ಕಂಪ್ಯೂಟರ್ ಒಳಗೇ ಇರ್ಲಿ. ಖಾತೆ ಯಾರ ಎಸರಿಗೈತೆ?"

"ನಿಮ್ಮ ಹೆಸರಿಗೇ. ವರ್ಷಕ್ಕೊಂದ್ಸಲ ರಿನ್ಯೂ ಮಾಡಿಸ್ತಾ ಇರ್ಬೇಕು ಅಷ್ಟೆ."

"ಅಂಗನ್ನು ಮತ್ತೆ! ಅದು ಸೈಟಲ್ಲ ಕಣಯ್ಯಾ, ಭೋಗ್ಯ!"

ಇಷ್ಟು ಕರಾರುವಾಕ್ಕಾದ ವಿವರಣೆಯನ್ನು ನಮ್ಮ ಪತ್ರಿಕೆಯ ತಂತ್ರಜ್ಞಾನ ಪುಟವೂ ಕೊಟ್ಟಿರಲಿಲ್ಲ. ಇನ್ನೇನು ಗೌಡರು ಬೈದು ಎದ್ದು ಹೋಗುತ್ತಾರೆ ಎಂದು ನಾನು ಆಸೆಯಿಂದ ಕಾದೆ. ಅವರು ಎದ್ದರು, ಎದ್ದು ಕಂಪ್ಯೂಟರಿನ ಹತ್ತಿರ ಹೋದರು. ಅದರ ಬೆನ್ನನ್ನು ಒಮ್ಮೆ ಬಗ್ಗಿ ನೋಡಿ ಕೇಳಿದರು: "ನಮ್ಮ ಛತ್ರ ಇದ್ರೊಳಿಕ್ಕೆ ಇಡಿಸ್ತದಾ?"

"ಕಾಂಪೌಂಡ್ ಸಮೇತ ಹಿಡಿಸುತ್ತೆ ಗೌಡ್ರೇ!"

"ನೋಡಾನ. ಅಮಾಸೆ ಕಳೀಲಿ."

ಅಂದಿನಿಂದ ಆ ಹಲಗೆಯ ಮೇಲೆ 'ವೆಬ್' ಎಂಬ ಪದ ಮತ್ತೆ ಕಾಣಿಸಿಕೊಳ್ಳಲಿಲ್ಲ.

ಅವನ ಎರಡನೆಯ ಉಪಾಯ ನಾದಿನಿಯ ರಂಗೋಲಿ. ಪ್ರತಿದಿನ ಬೆಳಗ್ಗೆ ಮನೆಯ ಮುಂದೆ ಇಂಗ್ಲಿಷಿನ ಡಬ್ಲ್ಯೂ ಅಕ್ಷರವನ್ನು ಮೂರು ಸಲ ಸಾಲಾಗಿ, ಸುತ್ತ ಬಳ್ಳಿಯೊಂದಿಗೆ, ಬಿಡಿಸಬೇಕು. ಆಫೀಸ್ ಬಸ್ಸು ಹಿಡಿಯಲು ಆ ದಾರಿಯಲ್ಲಿ ಹೋಗುವವರಿಗೆ ಅರ್ಥವಾಗುತ್ತದೆ ಎಂಬುದು ಲೆಕ್ಕ. ಅವರಿಗೆ ಅರ್ಥವಾಯಿತೋ ಇಲ್ಲವೋ, ಮನೆ ಮಾಲೀಕರಿಗೆ ಮಾತ್ರ ಬೇರೆಯೇ ಅರ್ಥವಾಯಿತು. ಡಬ್ಲ್ಯೂ ಅಕ್ಷರವನ್ನು ಸ್ವಲ್ಪ ದುಂಡಗೆ ಬರೆದರೆ ಥೇಟ್ ನಾಮ! "ಏನಮ್ಮಾ, ಮನೆ ಮುಂದೆ ಮೂರ್ ನಾಮ ಬರ್ಕೊಂಡಿದೀರಲ್ಲ? ಬಾಡಿಗೆ ಕೊಡಲ್ಲ ಅಂತ ಮೊದ್ಲೇ ಹೇಳ್ತಿದೀರಾ ಹೆಂಗೆ?" ಎಂದು ಕೇಳಿದರಂತೆ. ಈ ಸುದ್ದಿ ಕೇಳಿ ನಾನು ಇಡೀ ವಾರ ಖುಷಿಯಾಗಿದ್ದೆ. ಆದರೆ ಆದದ್ದೇನು? 'ಮೂರ್ನಾಮದ ಮನೆ' ಎಂದರೆ ಆಟೋದವರೂ ವಿಳಾಸ ಕೇಳದೆ ಕರೆತರುವಂತಾಯಿತು. ಇವನು ಹೋಗಿ ಆ ಮಾಲೀಕರಿಗೇ ಕೈಮುಗಿದು ಬಂದ!

ನನಗೆ ಅತ್ಯಂತ ನೋವು ಕೊಟ್ಟದ್ದು ಮಿಸ್ಡ್ ಕಾಲ್ ಪ್ರಕರಣ. ಅಂಗಡಿ ಬೋರ್ಡಿನಲ್ಲೋ ವಿಸಿಟಿಂಗ್ ಕಾರ್ಡಿನಲ್ಲೋ ನಂಬರ್ ಕಂಡರೆ ಸಾಕು, ಇವನು ಒಂದು ಮಿಸ್ಡ್ ಕಾಲ್ ಕೊಡುವನು. ಆ ಕಡೆಯವರು ಗಾಬರಿಯಿಂದ ತಮ್ಮದೇ ಖರ್ಚಿನಲ್ಲಿ ಫೋನ್ ಮಾಡುವರು. "ಯಾರ್ರೀ ಅದು ಮಿಸ್ಡ್ ಕಾಲ್ ಕೊಟ್ಟಿದ್ದು?" ಎಂದರೆ ಇವನು ಮೊದಲು ಅವರ ಮನೆಮಂದಿಯ ಆರೋಗ್ಯ ವಿಚಾರಿಸುವನು. ಬೈಯಲು ಫೋನ್ ಮಾಡಿದವರು ಕೊನೆಗೆ ಊರು, ಗೋತ್ರ, ಮಂಡಿನೋವು ಎಲ್ಲವನ್ನೂ ಹೇಳಿ, "ಆಯ್ತಪ್ಪಾ, ವೆಬ್‌ಸೈಟ್ ಬೇಕಾದ್ರೆ ಹೇಳ್ತೀನಿ" ಎಂದು ಇಡುವರು.

ಒಂದು ದಿನ ನಮ್ಮ ಸಂಪಾದಕರು ಡೆಸ್ಕಿನವರೆಗೆ ನಡೆದು ಬಂದರು. ಅವರು ನನ್ನೊಂದಿಗೆ ಆಡಿರುವ ಮಾತುಗಳನ್ನೆಲ್ಲ ಕೂಡಿಸಿದರೆ "ಪೇಜ್ ಹೋಯ್ತಾ?" ಎಂಬುದೊಂದೇ ಮಿಗುತ್ತದೆ. ಅಂದು ಕುರ್ಚಿ ಎಳೆದು ಕುಳಿತರು! ಬಡ್ತಿಯ ವಿಚಾರವೇ ಇರಬೇಕೆಂದು ನಾನು ಅಂಗಿಯ ಕಾಲರ್ ಸರಿಪಡಿಸಿಕೊಂಡೆ.

"ಏನ್ರೀ, ನಿಮ್ಮ ಷಡ್ಡಕರಂತೆ! ಮಿಸ್ಡ್ ಕಾಲ್ ಬಂತು ಅಂತ ಮಾಡ್ದೆ. ಏನು ಮಾತು, ಏನು ವಿನಯ! ನಮ್ಮ ತಾಯಿಗೆ ಒಂದು ಕಷಾಯ ಹೇಳಿದ್ರು, ಕೆಮ್ಮೇ ಹೋಯ್ತು ಕಣ್ರೀ. ಅಂಥವ್ರು ನಿಮ್ಮ ಮನೇಲಿದಾರೆ ಅಂತ ಒಂದಿನಾನೂ ಹೇಳ್ಲಿಲ್ವಲ್ಲ?"

ಹೊಟ್ಟೆಕಿಚ್ಚು ಎಂದರೆ ಬೆಂಕಿ ಎಂದುಕೊಂಡಿದ್ದೆ. ಅಲ್ಲ, ಅದು ಆ್ಯಸಿಡಿಟಿ. ಅಂದು ಸಂಜೆಯೇ ವೈದ್ಯರ ಬಳಿ ಹೋದೆ. ಅವರ ಗೋಡೆಯ ಮೇಲೆ ಒಂದು ಚೀಟಿ ಅಂಟಿಸಿತ್ತು: 'ನಮ್ಮ ಕ್ಲಿನಿಕ್ಕಿಗೂ ಸೈಟ್ ಆಗಲಿದೆ.' ಯಾರ ಅಕ್ಷರ ಎಂದು ಬೇರೆ ಹೇಳಬೇಕೆ?

ಆದರೆ ಚೀಟಿ, ರಂಗೋಲಿ, ಮಿಸ್ಡ್ ಕಾಲುಗಳಿಂದ ಹೆಸರು ಬಂತೇ ಹೊರತು ಗಿರಾಕಿ ಬರಲಿಲ್ಲ. ಎಲ್ಲರೂ "ನೋಡೋಣ" ಎನ್ನುವವರೇ. ದೀಪಾವಳಿ ಹತ್ತಿರವಾಯಿತು. ಮಾವ ಪೀಣ್ಯಕ್ಕೆ ಫೋನ್ ಮಾಡಿ ಮಾತಾಡಿಕೊಂಡರು. ಅಷ್ಟರಲ್ಲಿ ಗೌಡರ ಅಮಾವಾಸ್ಯೆ ಕಳೆಯಿತು! ಬಂದವರೇ ಒಂದು ಷರತ್ತು ಹಾಕಿದರು: ಛತ್ರವನ್ನು ವಾಸ್ತು ನೋಡಿಯೇ ಕಟ್ಟಿದ್ದು, ಅದರ ಸೈಟೂ ವಾಸ್ತು ಪ್ರಕಾರವೇ ಇರಬೇಕು.

ಬೇರೆ ಯಾರಾದರೂ ನಕ್ಕುಬಿಡುತ್ತಿದ್ದರು. ಇವನು ಪಂಚಾಂಗ ಹಿಡಿದು ಕುಳಿತ. ಪರದೆಯ ಮೇಲ್ಭಾಗ ಉತ್ತರವೆಂದು ತೀರ್ಮಾನವಾಯಿತು. ಈಶಾನ್ಯದ ಮೂಲೆಗೆ ಗಣಪತಿ. ಆಗ್ನೇಯಕ್ಕೆ ಅಡುಗೆಮನೆ, ಅಂದರೆ ಬಲಗಡೆ ಕೆಳಗೆ ಊಟದ ವಿವರ. ನೈಋತ್ಯದಲ್ಲಿ ಭಾರ ಇರಬೇಕೆಂದು ಅಲ್ಲಿ ಗೌಡರದೇ ಫೋಟೊ. ಗೌಡರು ಎರಡು ಹೆಜ್ಜೆ ಹಿಂದೆ ನಿಂತು ನೋಡಿ, "ಈಗ ಸೈಟ್ ಆಯ್ತು ನೋಡು" ಎಂದರು.

ಕನ್ನಡದಲ್ಲಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಪುಕ್ಕಟೆಯಾಗಿ, ಬೇರೆ ಹೇಗೆ? "ಅಣ್ಣ, ನಿಮ್ಮಷ್ಟು ಕನ್ನಡ ಯಾರಿಗೆ ಬರುತ್ತೆ? ಸುಮ್ನೆ ಒಂದ್ಸಲ ಕಣ್ಣಾಡಿಸಿ" ಎಂದು ಹಾಳೆಗಳನ್ನು ತಂದು ಕೈಗಿತ್ತ. ಅದರಲ್ಲಿ 'ವಧೂವರರಿಗೆ ಪ್ರತ್ಯೇಕ ಕೋಣ' ಎಂದಿತ್ತು. ಕೋಣೆಯ ಏತ್ವ ಬಿದ್ದುಹೋಗಿ ಕೋಣವಾಗಿತ್ತು! ಮದುಮಗನಿಗೊಂದು, ಮದುಮಗಳಿಗೊಂದು. ಈ ಎರಡು ಕೋಣಗಳನ್ನು ಹಾಗೆಯೇ ಒಳಗೆ ಬಿಟ್ಟರೆ ಷಡ್ಡಕ ಸೀದಾ ಪೀಣ್ಯಕ್ಕೆ ಹೋಗುತ್ತಾನೆ. ನನ್ನ ಕೈಯಲ್ಲಿದ್ದ ಪೆನ್ನು ಆ ಪದದ ಮೇಲೆ ಬಹಳ ಹೊತ್ತು ನಿಂತಿತು. ಆದರೆ ಇಷ್ಟು ವರ್ಷದ ಅಭ್ಯಾಸ ನೋಡಿ, ಹೊಟ್ಟೆಕಿಚ್ಚಿಗಿಂತ ಅದೇ ಬಲವಾದದ್ದು. ಕೋಣಗಳನ್ನು ಓಡಿಸಿದೆ. ಓಡಿಸಿದವನು ಅಲ್ಲಿಗೆ ಸುಮ್ಮನಾದೆನೆ? ಪಕ್ಕದ ವಾಕ್ಯ ತಿದ್ದಿದೆ, ಅದರ ಪಕ್ಕದ್ದನ್ನೂ ತಿದ್ದಿದೆ, ಕೊನೆಗೆ ಎಲ್ಲವನ್ನೂ ಹರಿದುಹಾಕಿ ನಾನೇ ಹೊಸದಾಗಿ ಬರೆದೆ. ಛತ್ರದ ಅಂಗಳದ ಹೊಂಗೆಮರದ ನೆರಳು, ಬಾಳೆ ಎಲೆಯ ಸಾಲು, ಹಿರಿಯರು ಮೆಟ್ಟಿಲು ಹತ್ತದೆ ಒಳಗೆ ಬರುವ ಇಳಿಜಾರು. ಬರೆದು ಬರೆದು ಅಷ್ಟೂ ಪುಟ ಬಾಯಿಪಾಠವಾಗಿಬಿಟ್ಟಿತ್ತು.

ಸೈಟ್ ಎಂದಮೇಲೆ ಗೃಹಪ್ರವೇಶ ಆಗಲೇಬೇಕಲ್ಲ! ಇದು ಷಡ್ಡಕನ ಕೊನೆಯ ಅಸ್ತ್ರ. ದೀಪಾವಳಿಯ ಹಿಂದಿನ ವಾರ, ಛತ್ರದಲ್ಲೇ, ಗೌಡರ ಖರ್ಚಿನಲ್ಲೇ ಊಟ. ತಾಂಬೂಲದ ಚೀಲದ ಮೇಲೆ ಒಂದು ಕಡೆ ಛತ್ರದ ಸೈಟಿನ ವಿಳಾಸ, ಇನ್ನೊಂದು ಕಡೆ ಇವನ ಫೋನ್ ನಂಬರು. ವೇದಿಕೆಯ ಮೇಲೆ ಮಾವಿನ ತೋರಣ ಕಟ್ಟಿಸಿಕೊಂಡ ಕಂಪ್ಯೂಟರು. ಬಂದ ಪುರೋಹಿತರು ಅತ್ತಿತ್ತ ನೋಡಿದರು.

"ಗೃಹ ಎಲ್ಲಪ್ಪಾ?"

ಷಡ್ಡಕ ಪರದೆ ತೋರಿಸಿದ.

"ಸರಿ. ಯಜಮಾನಿ ಬಲಗಾಲಿಟ್ಟು ಒಳಗೆ ಹೋಗ್ಬೇಕಲ್ಲ?"

"ರೈಟ್ ಕ್ಲಿಕ್ ಮಾಡಿಸ್ತೀನಿ ಸ್ವಾಮಿ."

ಸಭೆ ತುಂಬಿತ್ತು. ಮುಂದಿನ ಸಾಲಿನಲ್ಲಿ ಮಾವ, ಕೈಕಟ್ಟಿಕೊಂಡು. ಪಕ್ಕದಲ್ಲಿ ಅತ್ತೆ, ನನ್ನ ಹೆಂಡತಿ, ನಾದಿನಿ. ಹಾಲು ಉಕ್ಕಿತು. ಗೌಡರ ಹೆಂಡತಿ ದೇವರನ್ನು ನೆನೆದು ಮೌಸಿನ ಮೇಲೆ ಕೈಯಿಟ್ಟರು. ಸರಿಯಾಗಿ ಆಗಲೇ ಕರೆಂಟ್ ಹೋಯಿತು.

ಛತ್ರದಲ್ಲಿ ಜನರೇಟರ್ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಆದರೆ ಅದಕ್ಕೆ ಡೀಸೆಲ್ ಹಾಕಿಸುವುದು ಮದುವೆ ಮಾಡುವವರ ಜವಾಬ್ದಾರಿ ಎಂಬುದು ಗೌಡರ ಕಟ್ಟುನಿಟ್ಟಿನ ನಿಯಮ. ಇಂದು ಮದುವೆ ಮಾಡುವವರು ತಾವೇ ಎಂಬುದು ಅವರಿಗೆ ಹೊಳೆದಿರಲಿಲ್ಲ! ಒಬ್ಬನನ್ನು ಕ್ಯಾನ್ ಕೊಟ್ಟು ಬಂಕಿಗೆ ಓಡಿಸಿದರು. ಸಭೆಯಲ್ಲಿ ಗುಸುಗುಸು ಎದ್ದಿತು.

"ಕರೆಂಟೋದ್ರೆ ಸೈಟೂ ಓಯ್ತದಾ?" ಎಂದರು ಹಿಂದಿನಿಂದ ಯಾರೋ.

"ನಾನೇಳ್ಳಿಲ್ವಾ," ಎಂದರು ಗೌಡರು ಬೇಸರದಿಂದ, "ಮಣ್ಣಿದ್ರೆ ಮುಟ್ಟಿಯಾದ್ರೂ ನೋಡ್ಬೌದಿತ್ತು."

ಮಾವ ಎದ್ದು ನಿಂತರು. ಹೆಗಲ ಮೇಲಿನ ಟವಲನ್ನು ಸರಿಪಡಿಸಿಕೊಂಡು ಮೆಲ್ಲಗೆ ಹೇಳಿದರು: "ಸೋಮವಾರ ಬರ್ತಾರೆ ಅಂತ ಪೀಣ್ಯದವರಿಗೆ ಹೇಳ್ಬಿಡ್ತೀನಿ."

ಷಡ್ಡಕ ವೇದಿಕೆಯ ಮೇಲೆ ಸತ್ತ ಮೌಸನ್ನು ಮತ್ತೆ ಮತ್ತೆ ಒತ್ತುತ್ತಿದ್ದ. ಎಷ್ಟು ದಿನದಿಂದ ನಾನು ಕಾದಿದ್ದ ದೃಶ್ಯ! ಕುಳಿತು ನೋಡಿದ್ದರೆ ಸಾಕಿತ್ತು. ಆದರೆ ಎದ್ದೆ. ಏಕೆಂದು ಈಗಲೂ ಖಚಿತವಾಗಿ ಹೇಳಲಾರೆ. ಒಂದು ಕಾರಣ ಮಾತ್ರ ಗೊತ್ತು: ಆ ಕಪ್ಪು ಪರದೆಯ ಒಳಗೆ ಇದ್ದದ್ದು ನಾನು ಬರೆದ ಬರಹ, ಪತ್ರಿಕೆಯ ಭಾಷೆಯಲ್ಲಿ ನನ್ನ ಕಾಪಿ. ಅದು ಅಚ್ಚಾಗದೆ ಹೋಗುವುದನ್ನು ಸಹಿಸಲಾಗಲಿಲ್ಲ.

ವೇದಿಕೆ ಹತ್ತಿ ಕಂಪ್ಯೂಟರಿನ ಪಕ್ಕ ನಿಂತೆ. "ಮೊದಲನೇ ಪುಟ," ಎಂದೆ. "ಹೊಂಗೆಯ ನೆರಳಿಗೆ ಸ್ವಾಗತ." ಮುಂದಿನದು ತಾನಾಗಿಯೇ ಬಂತು. ಗುಸುಗುಸು ತಗ್ಗಿತು. ಪುಟ ಮುಗಿದಾಗ ಮುಂದೇನೆಂದು ತೋಚದೆ ನಿಂತೆ. ಗೌಡರ ಹೆಂಡತಿ ಗಾಳಿಯಲ್ಲಿ ನನ್ನತ್ತ ಬೆರಳೊತ್ತಿ "ಕಿಲಿಕ್!" ಎಂದರು. ಸಭೆ ಗೊಳ್ಳೆಂದಿತು. ನಾನು ಒಂದು ಹೆಜ್ಜೆ ಬಲಕ್ಕೆ ಇಟ್ಟು ಎರಡನೇ ಪುಟ ಶುರುಮಾಡಿದೆ.

ಆಮೇಲೆ ಕೇಳಬೇಕೆ! "ಕಾರ್ ನಿಲ್ಸಕ್ಕೆ ಜಾಗ?" "ಮುಂದಿನ ಪುಟದಲ್ಲಿದೆ, ಕ್ಲಿಕ್ ಮಾಡಿ." "ಸಾರ್, ಊಟದ್ದು ಇನ್ನೊಂದ್ಸಲ ತೋರ್ಸಿ." ಹಿಂದಿನ ಪುಟವೆಂದು ಎಡಕ್ಕೆ ಹೆಜ್ಜೆ ಇಟ್ಟೆ. ಯಾರೋ "ಫೋಟೋ ದೊಡ್ಡದಾಗುತ್ತಾ?" ಎಂದರು, ನೈಋತ್ಯದಲ್ಲಿ ಕುಳಿತಿದ್ದ ಗೌಡರನ್ನೇ ವೇದಿಕೆಯ ಅಂಚಿಗೆ ಕರೆದು ನಿಲ್ಲಿಸಿದೆ! ನಾನು ಮೊದಲ ಪುಟ ಓದುವಾಗಲೇ ಫ್ಯೂಸ್ ನೋಡಲೆಂದೋ ಏನೋ ವೇದಿಕೆಯ ಹಿಂದೆ ಹೋಗಿದ್ದ ಷಡ್ಡಕ, ಈಗ ಬಂದು ಅಲ್ಲಿಯ ಬಾಗಿಲಿಗೆ ಒರಗಿ ನಿಂತ. ಮಾವ ಯಾವಾಗ ಮತ್ತೆ ಕುಳಿತರೋ ನಾನು ನೋಡಲಿಲ್ಲ. ನೋಡಿದಾಗ ಅವರ ಕೈಕಟ್ಟು ಬಿಚ್ಚಿತ್ತು. ಅತ್ತೆ ಪಕ್ಕದವರ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ನನ್ನ ಹೆಂಡತಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಕೊನೆಯ ಪುಟ ಓದಿ ಕೈಮುಗಿದೆ. ಚಪ್ಪಾಳೆ ಬಿತ್ತು. ಒಂದು ನಿಮಿಷವೂ ಆಗಿರಲಿಲ್ಲ, ಫ್ಯಾನುಗಳು ತಿರುಗಿದವು, ದೀಪಗಳು ಹತ್ತಿದವು! ಕಂಪ್ಯೂಟರ್ ಕಣ್ತೆರೆಯಿತು. ಗೌಡರ ಹೆಂಡತಿ ನಿಜವಾದ ಮೌಸನ್ನು ಒತ್ತಿದರು. ಬಂದ ಛತ್ರವನ್ನು ನೋಡಿ ಜನ, "ಈಯಪ್ಪ ಏಳಿದಂಗೇ ಐತೆ!" ಎಂದು ಮೆಚ್ಚಿದರು.

ಊಟಕ್ಕೆ ಏಳುವ ಮೊದಲೇ ಸ್ವೀಟ್ ಅಂಗಡಿಯವರು, ಶಾಲೆ ನಡೆಸುವವರೊಬ್ಬರು ಷಡ್ಡಕನ ಕೈಹಿಡಿದು ತಮಗೂ ಸೈಟ್ ಬೇಕೆಂದರು. ಮಾವ ನನ್ನ ಬಳಿ ಬಂದು, "ನಿಮಗೆ ಹೀಗೆಲ್ಲ ಮಾತಾಡಕ್ಕೆ ಬರುತ್ತೆ ಅಂತ ನಮಗೆ ಗೊತ್ತೇ ಇರ್ಲಿಲ್ಲ" ಎಂದರು. ಪೀಣ್ಯದ ಸುದ್ದಿ ಎತ್ತಲಿಲ್ಲ.

ಪಂಕ್ತಿಯಲ್ಲಿ ಷಡ್ಡಕ ನನ್ನ ಪಕ್ಕದಲ್ಲೇ ಬಂದು ಕುಳಿತ. ಎಲೆಗೆ ನೀರು ಚಿಮುಕಿಸುತ್ತ, ತಗ್ಗಿದ ದನಿಯಲ್ಲಿ ಹೇಳಿದ:

"ಅಣ್ಣ, ಒಂದ್ ವಿಷ್ಯ. ಬೈಬಾರ್ದು."

"ಏನು?"

"ನೀವು ಎರಡನೇ ಪುಟ ಓದ್ತಿದ್ದಾಗ್ಲೇ ಕರೆಂಟ್ ಬಂದಿತ್ತು."

"ಎಲ್ಲಿ? ಫ್ಯಾನೇ ತಿರುಗ್ಲಿಲ್ವಲ್ಲ!"

"ಬೋರ್ಡ್ ಹತ್ರ ಹೋಗಿ, ಫ್ಯೂಸ್ ನೋಡಕ್ಕೆ ಅಂತ ಹಾಲ್‌ನ ಮೇನ್ ಸ್ವಿಚ್ ಇಳಿಸಿದ್ದೆ. ಅಲ್ಲಿ ದೀಪ ಹತ್ತಿತು. ನೀವು ಓದಿ ಮುಗಿಸೋವರ್ಗೂ ಮೇನ್ ನಾನೇ ಮತ್ತೆ ಏರಿಸ್ಲಿಲ್ಲ."

ನನಗೆ ನಿಜವಾಗಿಯೂ ಸಿಟ್ಟು ಬಂತು. "ತಲೆ ಕೆಟ್ಟಿದ್ಯೇನೋ? ಮಾವ ಎದ್ದು ಹೊರಟಿದ್ರು! ಜನ ಎದ್ದು ಹೋಗಿದ್ರೆ? ನಿನ್ನ ಗತಿ ಏನಾಗ್ತಿತ್ತು?"

"ಗೊತ್ತಿತ್ತು ಅಣ್ಣ." ಅವನು ಎಲೆಯ ತುದಿಯಲ್ಲಿದ್ದ ಉಪ್ಪನ್ನು ಬೆರಳಿಂದ ಸರಿಮಾಡಿದ. "ಆದ್ರೆ ಎಲ್ಲರೂ ನಿಮ್ಮನ್ನೇ ನೋಡ್ತಿದ್ರು. ಮಾವಾನೂ. ನೀವು ಎಷ್ಟು ಖುಷಿಯಾಗಿದ್ರಿ ಅಂದ್ರೆ... ದೀಪ ಹಾಕಿದ್ರೆ ಎಲ್ಲರೂ ಕಂಪ್ಯೂಟರ್ ಕಡೆ ತಿರುಗಿಬಿಡ್ತಿದ್ರು. ಮನಸ್ಸಾಗ್ಲಿಲ್ಲ."

ಬಡಿಸುವವನು ಹೋಳಿಗೆಯ ತಟ್ಟೆ ಹಿಡಿದು ನನ್ನ ಎಲೆಯ ಮುಂದೆ ಬಂದು ಬಾಗಿದ. ನಾನು ಎಲೆಗೆ ಕೈ ಅಡ್ಡ ಹಿಡಿದೆ.

"ಮೊದ್ಲು ನನ್ನ ತಮ್ಮನಿಗೆ ಹಾಕಪ್ಪಾ," ಎಂದೆ. "ತುಪ್ಪ ಜಾಸ್ತಿ ಹಾಕು."